ಏಟಿಗಿಂತ ಮೊದಲು ಅಂಚು

ಕಲ್ಲಿನ ಆಯುಧ ಮಾಡಲು ಕಲಿಯುವವರು ಮೊದಲು ಕಲ್ಲು ಮುಟ್ಟಬಾರದು, ಬಿಯರ್ ಬಾಟಲಿ ಹಿಡಿಯಬೇಕು. ಇದು ನನ್ನ ಅಕ್ಕನ ಮಗನ ಸಿದ್ಧಾಂತ. ಪುಣೆಯಲ್ಲಿ ಪುರಾತತ್ವ ಓದುವ ಅವನು ಅಲ್ಲಿ ಕಲ್ಲಿನಿಂದ ಚಕ್ಕೆ ಎಬ್ಬಿಸುವುದನ್ನು ಕಲಿತಿದ್ದ. ರಜೆಗೆ ರಾಯಚೂರಿಗೆ ಬಂದರೆ ನಮ್ಮ ಹಿತ್ತಲಲ್ಲಿ ಅದೇ ಕೆಲಸ ಹಚ್ಚಿಕೊಂಡು ಕೂಡುತ್ತಿದ್ದ. ಬ್ಯಾಂಕಿನಿಂದ ನಿವೃತ್ತನಾಗಿ ಮನೆಯಲ್ಲಿದ್ದ ನನಗೆ ನೋಡುತ್ತ ನೋಡುತ್ತ ಕೈ ತುರಿಸಿತು. ನನಗೂ ಒಂದು ಕಲ್ಲು ಕೊಡೋ ಎಂದರೆ ಕೊಡಲಿಲ್ಲ.

“ಮಾಮಾ, ಕಲ್ಲಿನ ಒಳಗ ಏನೈತಿ ಅಂತ ಯಾರಿಗ್ ಗೊತ್ತು? ಒಳಗ ಬಿರುಕು ಇದ್ರ ಎಷ್ಟು ಛಂದ ಹೊಡದ್ರೂ ಕೆಡ್ತದ. ಗಾಜು ಹಂಗಲ್ಲ, ಎಲ್ಲಾ ಕಡಿಗೂ ಒಂದ. ಕೆಟ್ರ ಅದು ನಿಮ್ಮ ಕೈದ ತಪ್ಪು ಅಂತ ಖಾತ್ರಿ ಆಗ್ತದ.”

ಖಾತ್ರಿಯೇನೋ ಸಾಕಷ್ಟು ಸಲ ಆಯಿತು.

ಗಾಜು, ಚರ್ಟ್ ಮತ್ತು ಅಗೇಟ್ ಎಂಬ ನುಣುಪಾದ ಗಟ್ಟಿ ಕಲ್ಲುಗಳು, ಜ್ವಾಲಾಮುಖಿಯಲ್ಲಿ ಹುಟ್ಟುವ ಆಬ್ಸಿಡಿಯನ್, ಇಂಗ್ಲೆಂಡಿನ ಸೀಮೆಸುಣ್ಣದ ಗುಡ್ಡಗಳಲ್ಲಿ ಸಿಗುವ ಫ್ಲಿಂಟ್, ಇವೆಲ್ಲ ಒಡೆಯುವ ರೀತಿ ಒಂದೇ. ಕಟ್ಟಿಗೆಗಿರುವ ಎಳೆ ಇವಕ್ಕಿಲ್ಲ. ಏಟು ಬಿದ್ದ ಜಾಗದಿಂದ ಬಿರುಕು ಶಂಕುವಿನ ಆಕಾರದಲ್ಲಿ ಒಳಗೆ ಹರಡುತ್ತದೆ. ಕಿಟಕಿ ಗಾಜಿಗೆ ಏರ್‌ಗನ್ನಿನ ಗುಂಡು ಬಡಿದ ತೂತನ್ನು ನೋಡಿದವರಿಗೆ ಇದು ಗೊತ್ತು: ಬಡಿದ ಕಡೆ ಸಣ್ಣ ತೂತು, ಹಿಂಬದಿಗೆ ಅಗಲ. ಅದೇ ಏಟನ್ನು ಅಂಚಿನ ಹತ್ತಿರ ಕೊಟ್ಟರೆ ಶಂಕುವಿನ ಒಂದು ಪಾಲಷ್ಟೇ ಕಳಚಿಕೊಳ್ಳುತ್ತದೆ. ಚಕ್ಕೆ ಅಂದರೆ ಅದೇ. ಚಕ್ಕೆಯ ಒಳಮೈ ನೋಡಿದರೆ ಏಟು ಬಿದ್ದ ಕಡೆ ಸಣ್ಣ ಉಬ್ಬು, ಅಲ್ಲಿಂದ ಆಚೆಗೆ ಬಾಗಿದ ತೆಳು ಗೆರೆಗಳು. ಮನುಷ್ಯ ಒಡೆದ ಕಲ್ಲೋ, ಬಿಸಿಲು ನೀರಿಗೆ ತಾನೇ ಒಡೆದ ಕಲ್ಲೋ ಎಂದು ತಿಳಿಯಲು ಪುರಾತತ್ವದವರು ನೋಡುವ ಗುರುತುಗಳಲ್ಲಿ ಈ ಉಬ್ಬೂ ಒಂದು.

ಬಾಟಲಿಯಿಂದ ಶುರು ಮಾಡುವುದು ಹುಡುಗಾಟಿಕೆ ಎಂದು ನನಗೆ ಅನಿಸಿತ್ತು. ಅಳಿಯ ಇಶಿಯ ಕಥೆ ಹೇಳಿದ. ಇಶಿ ಕ್ಯಾಲಿಫೋರ್ನಿಯಾದ ಯಾಹಿ ಜನರಲ್ಲಿ ಕೊನೆಯವನು. 1911ರಲ್ಲಿ ಓರೋವಿಲ್ ಎಂಬ ಊರಿನ ಹತ್ತಿರ ಕಾಡು ಬಿಟ್ಟು ಹೊರಬಂದ. 1916ರಲ್ಲಿ ತೀರಿಕೊಳ್ಳುವ ತನಕ ಸ್ಯಾನ್‌ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯದಲ್ಲಿದ್ದ. ಅಲ್ಲಿ ನೋಡಲು ಬಂದವರೆದುರು ಕೂತು ಅವನು ಮಾಡಿದ ಬಾಣದ ಮೊನೆಗಳಲ್ಲಿ ಬಾಟಲಿ ಗಾಜಿನವೂ ಇವೆ. ಆಸ್ಟ್ರೇಲಿಯಾದ ಕಿಂಬರ್ಲಿ ಸೀಮೆಯ ಮೂಲನಿವಾಸಿಗಳು ಬಾಟಲಿ ಗಾಜಿನಿಂದಲೂ, ತಂತಿ ಕಂಬದ ಪಿಂಗಾಣಿ ಇನ್ಸುಲೇಟರಿನಿಂದಲೂ ಈಟಿಯ ಮೊನೆ ಮಾಡುತ್ತಿದ್ದರು. ಈ ಹವ್ಯಾಸದ ಅಮೆರಿಕನ್ನರು ಒಡೆದ ಕಮೋಡಿನ ಟ್ಯಾಂಕಿನ ಮುಚ್ಚಳವನ್ನೂ ಬಿಡುವುದಿಲ್ಲವಂತೆ. ಇಷ್ಟೆಲ್ಲ ಕೇಳಿದ ಮೇಲೆ ಗುಜರಿ ಅಂಗಡಿಗೆ ಹೋಗಿ ಒಂದು ಚೀಲ ಬಾಟಲಿ ತಂದೆ. ಹಿತ್ತಲಲ್ಲಿ ಇಳಿಸುವಾಗ ಅವ್ವ ನೋಡಿದಳು.

“ನೌಕರಿ ಇದ್ದಾಗಂತೂ ಇರ್ಲಿಲ್ಲ, ಈಗ ಹಚ್ಚಿಗೊಂಡಿಯೇನೋ ಈ ಚಟಾ?”

ಬಾಟಲಿಯ ತಳ ತೆಗೆಯಲು ಒಂದು ಉಪಾಯವಿದೆ. ಉದ್ದನೆಯ ದಪ್ಪ ಮೊಳೆಯನ್ನು ಒಳಗೆ ಹಾಕಿ, ಬಾಯಿಗೆ ಹೆಬ್ಬೆರಳು ಒತ್ತಿ, ಬಾಟಲಿಯನ್ನು ಮೇಲೆ ಕೆಳಗೆ ಜಗ್ಗಿ ಕುಲುಕಬೇಕು. ಮೊಳೆಯ ತುದಿ ತಳಕ್ಕೆ ಕುಟ್ಟಿ ಕುಟ್ಟಿ ತಳ ಬಿಲ್ಲೆಯಾಗಿ ಕಳಚಿ ಬೀಳುತ್ತದೆ. ಬಕೆಟ್ಟಿನ ಒಳಗೆ ಹಿಡಿದು ಮಾಡಿದರೆ ಚೂರು ಚೆಲ್ಲುವುದಿಲ್ಲ. ಕಣ್ಣಿಗೆ ವೆಲ್ಡಿಂಗ್ ಅಂಗಡಿಯವರ ಬಿಳಿ ಕನ್ನಡಕ, ಕೈಗೆ ತೊಗಲಿನ ಗ್ಲೌಸು, ಕಾಲಿಗೆ ಬೂಟು ಇಲ್ಲದೆ ಇದನ್ನು ಮಾಡಕೂಡದು. ಚಪ್ಪಲಿ ಸಾಲದು. ಗಾಜಿನ ಹೊಸ ಅಂಚು ಎಷ್ಟು ತೆಳುವೆಂದರೆ ಕೊಯ್ದದ್ದು ಗೊತ್ತಾಗುವುದಿಲ್ಲ, ನೆಲದ ಮೇಲೆ ರಕ್ತದ ಹನಿ ಕಂಡಾಗಲೇ ಕೈ ನೋಡಿಕೊಳ್ಳುವುದು.

ಈ ಬಿಲ್ಲೆಯಿಂದ ಬಾಣದ ಮೊನೆ ತೆಗೆಯುವುದು ಹೊಡೆದಲ್ಲ, ಒತ್ತಿ. ಒತ್ತುವ ಉಪಕರಣಕ್ಕೆ ಬೇರೆ ದೇಶಗಳಲ್ಲಿ ಜಿಂಕೆಯ ಕೊಂಬು ಬಳಸುತ್ತಾರೆ. ನಮ್ಮಲ್ಲಿ ಅದರ ಮಾತೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಚುಕ್ಕೆ ಜಿಂಕೆಯದಾಗಲಿ ಕಡವೆಯದಾಗಲಿ ಕೊಂಬು ಇಟ್ಟುಕೊಳ್ಳುವುದೇ ಅಪರಾಧ. ಕಾಡಿನಲ್ಲಿ ತಾನಾಗಿ ಉದುರಿದ್ದು ಎಂದರೂ ಯಾರೂ ಕೇಳುವುದಿಲ್ಲ. ಅಂತರ್ಜಾಲದ ವಿಡಿಯೋ ನೋಡಿ ಕೊಂಬು ಹುಡುಕಿಕೊಂಡು ಹೊರಡುವ ಹುಡುಗರಿಗೆ ಇದನ್ನು ಒತ್ತಿ ಹೇಳಬೇಕು. ಅದಕ್ಕೆ ಬದಲಿ ತಾಮ್ರ. ಕರೆಂಟಿನ ಸಾಮಾನಿನ ಅಂಗಡಿಯಲ್ಲಿ ಅರ್ಥಿಂಗಿಗೆಂದು ಮಾರುವ 8 ಗೇಜಿನ ತಾಮ್ರದ ತಂತಿ ಸುಮಾರು 4 ಮಿಲಿಮೀಟರ್ ದಪ್ಪವಿರುತ್ತದೆ. ಒಂದು ಗೇಣು ತಂದು, ಹಳೆಯ ಅರದ ಹಿಡಿಕೆಗೆ ಜಡಿದು, ತುದಿಯನ್ನು ಮೊಂಡು ಮೊನೆಯಾಗಿ ತಿಕ್ಕಿಕೊಂಡೆ. ಉಳಿದದ್ದು ಎರಡೇ: ಅಂಗೈ ಮೇಲೆ ಹಾಕಿಕೊಳ್ಳಲು ಚಪ್ಪಲಿ ಹೊಲಿಯುವವರಿಂದ ದಪ್ಪ ತೊಗಲಿನ ತುಂಡು, ಅಂಚು ತಿಕ್ಕಲು ಒಡೆದ ಸಾಣೆಚಕ್ರದ ಚೂರು.

ಈ ಸಾಣೆಚೂರಿನ ಬಗ್ಗೆ ತುಸು ನಿಂತು ಹೇಳಬೇಕು, ಯಾಕೆಂದರೆ ನಾನು ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅದರದೇ. ಚಕ್ಕೆ ಎಬ್ಬಿಸುವುದೆಂದರೆ ಹೊಡೆತ, ತಾಕತ್ತು, ಗುರಿ ಎಂದು ನೋಡುವವರಿಗೆ ಅನಿಸುತ್ತದೆ. ಕೈಯಲ್ಲಿ ಬಿಲ್ಲೆ ಹಿಡಿದಾಗ ತಿಳಿಯುವುದು, ಹರಿತವಾದ ಅಂಚು ಈ ಕೆಲಸಕ್ಕೆ ಬಾರದು. ತಾಮ್ರದ ಮೊನೆ ಇಟ್ಟು ಒತ್ತಿದರೆ ಅಂಚು ಪುಡಿಯಾಗಿ ಉದುರುತ್ತದೆ, ಬಲ ಒಳಗೆ ಹೋಗುವುದೇ ಇಲ್ಲ. ಹಾಗಾಗಿ ಪ್ರತಿ ಸಲ ಒತ್ತುವ ಮೊದಲು ಅಂಚನ್ನು ಸಾಣೆಗೆ ತಿಕ್ಕಿ ಮೊಂಡು ಮಾಡಬೇಕು. ಹರಿತ ಬರಲೆಂದು ಕೂತವನು ಇಡೀ ದಿನ ಹರಿತ ತೆಗೆಯುತ್ತಲೇ ಇರುತ್ತಾನೆ! ಅಳಿಯ ಪಕ್ಕದಲ್ಲಿ ಕೂತು ಹೇಳುತ್ತಿದ್ದದ್ದು ಎರಡೇ ಮಾತು: “ತಿಕ್ಕ್ರಿ ಮಾಮಾ.” ಸ್ವಲ್ಪ ಹೊತ್ತು ಬಿಟ್ಟು, “ಇನ್ನೂ ತಿಕ್ಕ್ರಿ.”

ತಿಕ್ಕಿದರಷ್ಟೇ ಸಾಲದು, ಅಂಚು ಇರುವ ಎತ್ತರವೂ ಸರಿಯಾಗಬೇಕು. ಬಿಲ್ಲೆಯನ್ನು ಪಕ್ಕದಿಂದ ನೋಡಿ, ಅದರ ದಪ್ಪದ ನಡುವೆ ಸುತ್ತಲೂ ಒಂದು ಗೆರೆ ಎಳೆದಿದೆ ಎಂದುಕೊಳ್ಳಿ. ಚಕ್ಕೆ ಯಾವ ಮುಖದಿಂದ ಬರಬೇಕೋ ಆ ಮುಖದ ಕಡೆಗೆ ಅಂಚು ಈ ನಡುಗೆರೆಯಿಂದ ಸರಿದಿರಬೇಕು. ಹಾಗಿದ್ದರೆ ಚಕ್ಕೆ ಮೈಯುದ್ದ ಹರಿಯುತ್ತದೆ. ನಡುಗೆರೆಯ ಆಚೆಗಿದ್ದರೆ ಒಂದೋ ಚಕ್ಕೆ ಬರುವುದಿಲ್ಲ, ಇಲ್ಲ ಬಿಲ್ಲೆ ಎರಡು ತುಂಡು. ಜೊತೆಗೆ ಅಂಚಿನ ಕೋನ 90 ಡಿಗ್ರಿಗಿಂತ ಕಡಿಮೆ ಇರಲೇಬೇಕು. ಬಾಟಲಿ ತಳದ ಬದಿ ಹೆಚ್ಚುಕಡಿಮೆ ನೆಟ್ಟಗೇ ಇರುವುದರಿಂದ ಮೊದಲ ಸುತ್ತು ಬರೀ ಈ ಕೋನ ಮುರಿಯುವುದಕ್ಕೇ ಹೋಗುತ್ತದೆ. ಒಂದು ಚಕ್ಕೆ ಈ ಮುಖಕ್ಕೆ, ಮಗುಚಿ ಪಕ್ಕದ್ದು ಆ ಮುಖಕ್ಕೆ, ಹೀಗೆ ಅಂಚು ಹಾವಿನ ನಡೆಯಲ್ಲಿ ಅಂಕುಡೊಂಕಾಗುತ್ತದೆ. ಎರಡು ಚಕ್ಕೆಗಳ ಗಾಯದ ನಡುವೆ ಒಂದು ಏಣು ಉಳಿಯುತ್ತದಲ್ಲ, ಮುಂದಿನ ಚಕ್ಕೆಗೆ ದಾರಿ ಅದೇ. ಬಲ ಏಣು ಹಿಡಿದೇ ಹೋಗುತ್ತದೆ. ಏಣಿಲ್ಲದ ಕಡೆ ಒತ್ತಿದರೆ ಚಕ್ಕೆ ಅಗಲವಾಗಿ, ಗಿಡ್ಡವಾಗಿ ಅಲ್ಲೇ ಮುಗಿಯುತ್ತದೆ.

ಒತ್ತುವ ಭಂಗಿಯನ್ನು ಮಾತಿನಲ್ಲಿ ಹೇಳುವುದು ಕಷ್ಟ. ತೊಗಲು ಹಾಸಿದ ಎಡ ಅಂಗೈಯಲ್ಲಿ ಬಿಲ್ಲೆ, ಎಡಗೈಯ ಹಿಂಬದಿ ತೊಡೆಗೆ ಆನಿಸಿ, ಬಲಗೈಯ ಮೊನೆಯನ್ನು ಅಂಚಿಗೆ ಇಟ್ಟು ಮೊದಲು ಗಾಜಿನ ಒಳಕ್ಕೆ ನೂಕಬೇಕು, ಬಲ ಕೂಡಿದ ಮೇಲೆ ತುಸುವೇ ಕೆಳಕ್ಕೆ. ಹೊಸಬರು ಮೊದಲೇ ಕೆಳಕ್ಕೆ ಒತ್ತುತ್ತಾರೆ. ಆಗ ಬರುವುದು ಕಡಲೆಬೇಳೆಯಷ್ಟು ಚೂರು. ಮಣಿಕಟ್ಟಿನಿಂದ ಬಲ ಹಾಕಿದರೆ ಮಣಿಕಟ್ಟು ಹೋಗುತ್ತದೆ. ಎರಡೂ ಮೊಣಕಾಲು ಒಳಕ್ಕೆ ಒತ್ತಿ ಮೈಭಾರದಿಂದ ನೂಕಬೇಕು. ಸರಿಯಾಗಿ ಆದಾಗ ಚಿಟ್ ಎಂಬ ಸಣ್ಣ ಸದ್ದು, ತೊಗಲಿನ ಮೇಲೆ ಮೀನಿನ ಪೊರೆಯಷ್ಟು ತೆಳು ಚಕ್ಕೆ.

ಕೆಡುವುದರಲ್ಲೂ ಬಗೆಗಳಿವೆ. ಒಂದು, ಚಕ್ಕೆ ಅರ್ಧ ದಾರಿ ಹೋಗಿ ಮೆಟ್ಟಿಲಿನ ಆಕಾರದಲ್ಲಿ ಕಡಿದು ನಿಲ್ಲುವುದು. ಇನ್ನೊಂದು, ತುದಿ ದುಂಡಗೆ ಹೊರಕ್ಕೆ ಮಡಚಿಕೊಂಡು ಬರುವುದು. ಎರಡರಲ್ಲೂ ಮೈಮೇಲೆ ಒಂದು ಗಡ್ಡೆ ಉಳಿಯುತ್ತದೆ, ಮುಂದಿನ ಚಕ್ಕೆ ಬಂದು ಅದಕ್ಕೇ ಎಡವುತ್ತದೆ, ಗಡ್ಡೆ ಬೆಳೆಯುತ್ತ ಹೋಗುತ್ತದೆ. ಸಿಟ್ಟು ಬಂದು ಜೋರಾಗಿ ಒತ್ತಿದರೆ ಮೊನೆ ಮುರಿಯುತ್ತದೆ. ಎದುರಿನ ಅಂಚಿನಿಂದ ಒಂದು ಉದ್ದ ಚಕ್ಕೆ ಕಳಿಸಿ ಗಡ್ಡೆಯನ್ನು ಬುಡದಿಂದ ಎತ್ತಿಸುವುದೊಂದೇ ದಾರಿ.

ಗಾಜಿನಲ್ಲಿ ಮೊನೆ ಎನ್ನಬಹುದಾದದ್ದು ಬರತೊಡಗಿದ ಮೇಲೆ ಕಲ್ಲಿನ ಮಾತು ಬಂತು. ರಾಯಚೂರಿನವರಿಗೆ ಕಲ್ಲಿನ ಬರ ಎಂದರೆ ಯಾರಾದರೂ ನಕ್ಕಾರು. ಆದರೆ ನಮ್ಮ ಗ್ರಾನೈಟ್ ಈ ಕೆಲಸಕ್ಕೆ ನಿರುಪಯೋಗಿ, ಹರಳು ಹರಳಾಗಿ ಉದುರುತ್ತದೆ. ಹೊಲದ ಬದುವಿನ ಬೆಣಚುಕಲ್ಲು ಒಡೆಯುತ್ತದೆ, ಆದರೆ ಒಳಬಿರುಕು ಹೇಳಿದ ಕಡೆಗೆ. ಬೇಕಾದದ್ದು ಚರ್ಟ್, ಅಗೇಟ್, ಕ್ಯಾಲ್ಸೆಡನಿ. ಇವು ದಖ್ಖನ್ನಿನ ಕಪ್ಪು ಬಸಾಲ್ಟ್ ಪದರಗಳಿಂದ ಕಳಚಿಕೊಂಡು ಕೃಷ್ಣೆಯ ಜೊತೆ ಉರುಳುತ್ತ ಬರುತ್ತವೆ. ಅದಕ್ಕಾಗಿ ಹೊಳೆಗೆ ಹೋಗಬೇಕಾಗಿಯೂ ಬರಲಿಲ್ಲ. ಓಣಿಯಲ್ಲಿ ಮನೆ ಕಟ್ಟುವ ಕಡೆ ಹೊಳೆಯ ಉಸುಕನ್ನು ಜಾಳಿಗೆಯಲ್ಲಿ ಸಾಣಿಸಿದ ಮೇಲೆ ಒಂದು ಗುಡ್ಡೆ ಹರಳು ಉಳಿದಿರುತ್ತದೆ. ಅದರಲ್ಲೇ ಜೇನಿನ ಬಣ್ಣದ, ಬೂದು ಬಣ್ಣದ, ಕೆಂಪು ಜಾಸ್ಪರಿನ ಉಂಡೆಗಳು. ಮೇಸ್ತ್ರಿಗೆ ಅದು ಕಸ. ಒಂದೊಂದನ್ನೂ ಇನ್ನೊಂದು ಕಲ್ಲಿನಿಂದ ತಟ್ಟಿ ಕಿವಿಗೊಟ್ಟು ಕೇಳಿ ಆರಿಸಿಕೊಂಡೆವು: ಠಣ್ ಎಂದರೆ ಗಟ್ಟಿ, ಬೊದ್ದ ಸದ್ದು ಬಂದರೆ ಒಳಗೆ ಬಿರುಕು.

ಅವ್ವ ಬುಟ್ಟಿಯಲ್ಲಿ ಕೈಯಾಡಿಸಿ ಒಂದು ಬೂದು ಚರ್ಟ್ ಎತ್ತಿಕೊಂಡಳು. “ಇದು ಚಕಮಕಿ ಕಲ್ಲಲ್ಲೇನೋ! ನಮ್ಮಪ್ಪನ ಬಗಲ ಚೀಲದಾಗ ಯಾವತ್ತೂ ಇರ್ತಿತ್ತು.” ಒಂದು ಉಕ್ಕಿನ ತುಂಡು, ಕರಿಕಾದ ಅರಳೆ ತುಂಬಿದ ಸಣ್ಣ ನಳಿಕೆ, ಜೊತೆಗೆ ಈ ಕಲ್ಲು. ಹೊಲದಲ್ಲಿ ಚುಟ್ಟಾ ಹಚ್ಚಲು ಅಜ್ಜ ಅದನ್ನೇ ಬಡಿಯುತ್ತಿದ್ದನಂತೆ. ಕಲ್ಲಿನ ಅಂಚು ಸವೆದರೆ ಕಿಡಿ ಬರುವುದಿಲ್ಲ, ಆಗ ಅಂಚು ಚೂರು ಹಾರಿಸಿ ಹೊಸದು ಮಾಡಿಕೊಳ್ಳುತ್ತಿದ್ದ ಎಂದೂ ಹೇಳಿದಳು. ಅಂದರೆ ನಮ್ಮ ಮನೆತನದಲ್ಲಿ ಈ ವಿದ್ಯೆ ಬಿಟ್ಟುಹೋಗಿ ಎರಡು ತಲೆಮಾರೂ ಆಗಿಲ್ಲ. ಆಮೇಲೆ ಬಾಟಲಿಯ ವಿಷಯಕ್ಕೆ ಅವ್ವ ಬಾಯಿ ಹಾಕಲಿಲ್ಲ.

ಗಾಜಿನಿಂದ ಚರ್ಟಿಗೆ ಬಂದರೆ ತೋಳಿಗೆ ಗೊತ್ತಾಗುತ್ತದೆ. ಗಡಸುತನದ ಮೋಸ್ ಅಳತೆಯಲ್ಲಿ ಬಾಟಲಿ ಗಾಜು ಸುಮಾರು 5.5, ಚರ್ಟ್ 7ರ ಹತ್ತಿರ. ಮೇಲಾಗಿ ದುಂಡು ಹರಳಿಗೆ ಅಂಚೇ ಇಲ್ಲ, ಏಟು ಎಲ್ಲಿ ಹಾಕುವುದು? ಸಣ್ಣ ಹರಳನ್ನು ಅಡಿಗಲ್ಲಿನ ಮೇಲೆ ನಿಲ್ಲಿಸಿ ಮೇಲಿಂದ ಗುಂಡುಕಲ್ಲಿನಿಂದ ಕುಟ್ಟಿ ಹೋಳು ಮಾಡಬೇಕು. ಆಗ ಸಿಗುವ ಹೋಳಿನ ಚಪ್ಪಟೆ ಮೈಯೇ ಏಟಿನ ಜಾಗ. ಗುಂಡುಕಲ್ಲಿನ ಏಟಿಗೆ ದಪ್ಪ ಉಬ್ಬಿನ, ಗಿಡ್ಡ ಚಕ್ಕೆ ಬರುತ್ತದೆ. ತೆಳುವಾಗಿ ಉದ್ದಕ್ಕೆ ಬರಬೇಕೆಂದರೆ ಮೆತ್ತನೆಯ ಸುತ್ತಿಗೆ ಬೇಕು. ನನ್ನ ಬಳಿ ಇದ್ದದ್ದು ಎಮ್ಮೆ ಕೊಂಬಿನ ಬುಡ ಮತ್ತು ಒಂದು ದಪ್ಪ ತಾಮ್ರದ ಸರಳು. ಗುಜರಾತಿನ ಖಂಭಾತದಲ್ಲಿ ಅಗೇಟ್ ಮಣಿ ಮಾಡುವವರದೂ ಎಮ್ಮೆ ಕೊಂಬಿನ ಸುತ್ತಿಗೆಯೇ. ಆದರೆ ಅವರ ಕ್ರಮ ತಿರುಗುಮುರುಗು: ನೆಲದಲ್ಲಿ ಓರೆಯಾಗಿ ಹುಗಿದ ಕಬ್ಬಿಣದ ಮೊನೆಗೆ ಕಲ್ಲನ್ನು ಆನಿಸಿ, ಈಚೆಯಿಂದ ಕೊಂಬಿನಿಂದ ತಟ್ಟುತ್ತಾರೆ, ಚಕ್ಕೆ ಆಚೆ ಕಬ್ಬಿಣದ ಕಡೆಯಿಂದ ಕಳಚುತ್ತದೆ. ನಾನೂ ಒಂದು ಸರಳು ನೆಟ್ಟು ನೋಡಿದೆ. ಕಲ್ಲಿಗಿಂತ ಬೆರಳಿಗೆ ಹೆಚ್ಚು ಏಟು ಬಿತ್ತು. ಅದು ಎಳವೆಯಿಂದ ಕೂತು ಕಲಿಯುವ ಕಸುಬು.

ಅವರಿಂದ ಎರವಲು ಪಡೆದ ಇನ್ನೊಂದು ಸಂಗತಿ ಕಲ್ಲು ಕಾಸುವುದು. ಹಳೆಯ ಕಬ್ಬಿಣದ ಬುಟ್ಟಿಯಲ್ಲಿ ಉಸುಕಿನ ನಡುವೆ ಹರಳು ಹುಗಿದು, ಮೇಲೆ ಬೆರಣಿ ಬೆಂಕಿ ಹಾಕಿ, ರಾತ್ರಿಯಿಡೀ ಬಿಟ್ಟು, ಪೂರ್ತಿ ಆರಿದ ಮೇಲೆಯೇ ತೆಗೆಯಬೇಕು. ಕಲ್ಲಿನಲ್ಲಿರುವ ಕಬ್ಬಿಣದ ಅಂಶದಿಂದಾಗಿ ಹಳದಿ ಹರಳು ಕೆಂಪಗಾಗುತ್ತದೆ, ಒಡೆದ ಮೈಗೆ ಮೇಣದ ಹೊಳಪು ಬರುತ್ತದೆ, ಒತ್ತಿದರೆ ಚಕ್ಕೆ ಸಲೀಸಾಗಿ ಓಡುತ್ತದೆ. ಅವಸರಕ್ಕೆ ಕಾಸಿದವು ಒಳಗೇ ಸಿಡಿದುಹೋಗುತ್ತವೆ.

ಧೂಳಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಚರ್ಟಿನ ಧೂಳು ಎಂದರೆ ಸಿಲಿಕಾ. ಒಳಗೆ ಹೋದದ್ದು ಶ್ವಾಸಕೋಶದಿಂದ ಹೊರಬರುವುದಿಲ್ಲ, ಸಿಲಿಕೋಸಿಸ್‌ಗೆ ಗುಣಪಡಿಸುವ ಮದ್ದಿಲ್ಲ. ಇಂಗ್ಲೆಂಡಿನ ಬ್ರ್ಯಾಂಡನ್ ಊರಲ್ಲಿ ಬಂದೂಕಿಗೆ ಫ್ಲಿಂಟ್ ಕೆತ್ತುತ್ತಿದ್ದವರಲ್ಲಿ ಅನೇಕರು ಇದರಿಂದಲೇ ಸತ್ತರು. ಖಂಭಾತದಲ್ಲಿ ಅಗೇಟ್ ಉಜ್ಜುವವರು ಇವತ್ತಿಗೂ ನರಳುತ್ತಿದ್ದಾರೆ. ವಾರಕ್ಕೊಮ್ಮೆ ಕೂಡುವ ನನ್ನಂಥವನಿಗೂ ಅವರಿಗೂ ಹೋಲಿಕೆ ಇಲ್ಲ ನಿಜ. ಆದರೂ ಗಾಳಿಗೆ ಬೆನ್ನು ಕೊಡದೆ ಅಡ್ಡಲಾಗಿ ಕೂತು, ಬಯಲಲ್ಲೇ, ಎನ್95 ಮಾಸ್ಕ್ ಹಾಕಿಯೇ ಮಾಡುತ್ತೇನೆ. ಅಂಚು ತಿಕ್ಕುವಾಗ ಸಾಣೆಚೂರಿಗೆ ನೀರು ಚಿಮುಕಿಸುತ್ತೇನೆ. ಆ ಬಟ್ಟೆಯಲ್ಲಿ ಮನೆಯೊಳಗೆ ಬರುವಂತಿಲ್ಲ ಎಂದು ಮನೆಯಾಕೆಯ ಹುಕುಂ ಬೇರೆ ಆಗಿದೆ.

ಚೂರುಗಳನ್ನು ಎಲ್ಲಿ ಸುರಿಯುವುದು ಎಂಬುದೂ ಸಣ್ಣ ಪ್ರಶ್ನೆಯಲ್ಲ. ತಾಡಪತ್ರಿ ಹಾಸಿ ಕೂತರೆ ಎಲ್ಲ ಒಂದೆಡೆ ಸೇರುತ್ತದೆ. ಮೊದಲ ದಿನ ಅದನ್ನು ಹೊರಗಿನ ಬಯಲಿಗೆ ಚೆಲ್ಲಲು ಹೊರಟಾಗ ಅಳಿಯ ತಡೆದ. ನಮ್ಮ ಸೀಮೆಯ ನೆಲದಲ್ಲಿ ನಿಜವಾದ ಶಿಲಾಯುಗದ ಚಕ್ಕೆಗಳು ಬಿದ್ದಿವೆ, ಅವುಗಳ ನಡುವೆ ನನ್ನ ಚಕ್ಕೆ ಬಿದ್ದರೆ ನಾಳೆ ಸರ್ವೆಗೆ ಬಂದವರು ಬೇಸ್ತು ಬೀಳುತ್ತಾರೆ. ಈಗ ಹಿತ್ತಲಲ್ಲಿ ಒಂದು ಗುಂಡಿ ಇದೆ. ಚೂರಿನ ಜೊತೆ ಆ ವರ್ಷದ ಒಂದು ರೂಪಾಯಿ ನಾಣ್ಯವನ್ನೂ ಹಾಕುತ್ತೇವೆ. ಅದೇ ಕಾರಣಕ್ಕೆ ಹಳೆಯ ನೆಲೆಗಳಿಂದ ಒಂದು ಚೂರನ್ನೂ ಎತ್ತಿಕೊಂಡು ಬರುವುದಿಲ್ಲ.

ಬಳ್ಳಾರಿ ಪಕ್ಕದ ಸಂಗನಕಲ್ಲಿನ ಹಿರೇಗುಡ್ಡಕ್ಕೆ ಅಳಿಯ ಕರೆದೊಯ್ದದ್ದು ಇದಾದ ಮೇಲೆ. ಗ್ರಾನೈಟ್ ಗುಡ್ಡವನ್ನು ಸೀಳಿಕೊಂಡು ಕಪ್ಪು ಡಾಲರೈಟಿನ ಒಂದು ಗೋಡೆ ಹಾದುಹೋಗಿದೆ. ನವಶಿಲಾಯುಗದ ಜನ 3000 ವರ್ಷಗಳಿಗೂ ಹಿಂದೆ ಅಲ್ಲಿ ಕೂತು ಕೊಡಲಿ ಮಾಡಿದ್ದಾರೆ. ಮೊದಲು ಚಕ್ಕೆ ಎಬ್ಬಿಸಿ ಆಕಾರ ತಂದು, ಆಮೇಲೆ ಕುಟ್ಟಿ, ಕೊನೆಗೆ ಬಂಡೆಗೆ ಉಜ್ಜಿ ನಯ ಮಾಡಿದರು. ಉಜ್ಜಿದ ತೋಡುಗಳು ಬಂಡೆಯಲ್ಲಿ ಇನ್ನೂ ಇವೆ. ಇಳಿಜಾರಿನ ತುಂಬ ಕಪ್ಪು ಚಕ್ಕೆ. ಹತ್ತು ವರ್ಷ ಹಿಂದೆ ಬಂದಿದ್ದರೆ ಜಲ್ಲಿ ಎಂದು ತುಳಿದು ಹೋಗುತ್ತಿದ್ದೆ. ಈಗ ಕೂತು ನೋಡಿದರೆ ಒಂದರಲ್ಲಿ ಉಬ್ಬು, ಇನ್ನೊಂದರಲ್ಲಿ ತುದಿ ದುಂಡಗೆ ಮಡಚಿಕೊಂಡದ್ದು. ಅರ್ಧ ಆಕಾರ ಬಂದು ನಡುವೆ ಮುರಿದ ಒಂದು ತುಂಡೂ ಇತ್ತು. ಅದರ ಒಂದು ಮುಖದ ಮೇಲೆ ನನಗೆ ಚೆನ್ನಾಗಿ ಪರಿಚಯವಿದ್ದ ಗಡ್ಡೆ, ಅದರ ಸುತ್ತ ಒಂದರ ಮೇಲೊಂದು ಬಿದ್ದ ಏಟಿನ ಗುರುತು. ಯಾರಿಗೋ ಸಿಟ್ಟು ಬಂದಿತ್ತು.

“ಏನ್ ನೋಡ್ಲಿಕ್ಹತ್ತೀರಿ ಮಾಮಾ?”

“ತಿಕ್ಕಿಲ್ಲ ನೋಡು ಇವ” ಎಂದೆ. ಅಳಿಯ ಜೋರಾಗಿ ನಕ್ಕ. ತುಂಡನ್ನು ಇದ್ದಲ್ಲೇ ಇಟ್ಟು ಇಳಿದೆವು.

ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದ ನೆಲೆ ಇದಕ್ಕಿಂತ ಎಷ್ಟೋ ಹಿಂದಿನದು. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಅಲ್ಲಿ ಉತ್ಖನನ ಮಾಡಿ ತೋರಿಸಿದ್ದು ಕೈಗೊಡಲಿಗಳ ಕಾರ್ಖಾನೆಯನ್ನು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳ ಕಾಲ ಲೆಕ್ಕಹಾಕಿದಾಗ ಸುಮಾರು 12 ಲಕ್ಷ ವರ್ಷ ಬಂದಿದೆ. ಆಗ ನಮ್ಮ ಪ್ರಭೇದದ ಮನುಷ್ಯ, ಹೋಮೋ ಸೇಪಿಯನ್ಸ್, ಇನ್ನೂ ಹುಟ್ಟಿರಲಿಲ್ಲ. ಅವರು ಬಳಸಿದ್ದು ಸಿಲಿಕಾ ಸೇರಿ ಗಟ್ಟಿಯಾದ ಸುಣ್ಣಕಲ್ಲಿನ ಹಲಗೆಗಳನ್ನು. ದುಂಡು ಹರಳಿನ ಜೊತೆ ಹೆಣಗಿದ ನನಗೆ ಅವರ ಆಯ್ಕೆಯ ಜಾಣತನ ಕೂಡಲೇ ಹೊಳೆಯಿತು: ಹಲಗೆಗೆ ಅಂಚು ಮೊದಲೇ ಇರುತ್ತದೆ, ಸರಿಯಾದ ದಪ್ಪದ್ದನ್ನು ಹೆಕ್ಕಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಸದ್ಯ ನಾನು ಕೂತಿರುವುದು ಉದ್ದ ಅಲಗುಗಳ ಮುಂದೆ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನಕ್ಕಿಂತ ಮೊದಲಿನ ಪದರಗಳಲ್ಲಿ ಚರ್ಟಿನ ಸಮಾನಾಂತರ ಅಂಚಿನ ಅಲಗುಗಳು ಸಿಕ್ಕಿವೆ. ಅಂಥವು ಬರಬೇಕಾದರೆ ತಿರುಳುಕಲ್ಲಿನ, ಅಂದರೆ ಅಲಗು ಕಳಚಬೇಕಾದ ಮೂಲ ಕಲ್ಲಿನ, ಉದ್ದಕ್ಕೆ ಮೊದಲು ಎರಡೂ ಬದಿಯಿಂದ ಚಕ್ಕೆ ಎಬ್ಬಿಸಿ ನೆಟ್ಟನೆಯ ಏಣು ಕಟ್ಟಿಕೊಳ್ಳಬೇಕು. ಆ ಏಣು ಹಿಡಿದು ಮೊದಲ ಅಲಗು ಕಳಚಿತೆಂದರೆ ಅದರ ಗಾಯದ ಎರಡು ಬದಿಗೂ ಹೊಸ ಏಣು ಸಿದ್ಧ, ಎತ್ತು ಸಾಲು ಹಿಡಿದಂತೆ ಉಳಿದವು ಒಂದರ ಪಕ್ಕ ಒಂದು ಬರುತ್ತವೆ. ನನಗೆ ಸದ್ಯ ಬರುತ್ತಿರುವವು ಬೆರಳಿನ ಒಂದು ಗೆಣ್ಣಿನಷ್ಟು. ಉಸುಕಿನ ಹರಳು ಅದಕ್ಕಿಂತ ಉದ್ದದ್ದನ್ನು ಕೊಡುವಷ್ಟು ದೊಡ್ಡದೂ ಅಲ್ಲ. ಮುಷ್ಟಿಗಿಂತ ದೊಡ್ಡ ಹರಳು ಬಂದರೆ ತೆಗೆದಿಡಿ ಎಂದು ಓಣಿಯ ಮೇಸ್ತ್ರಿಗೆ ಹೇಳಿಟ್ಟಿದ್ದೇನೆ. ಚಹಾಕ್ಕೆ ಒಪ್ಪಿದ್ದಾರೆ.